ಒದೆತ ಎಲ್ಲಿಗೂ ಹೋಗುವುದಿಲ್ಲ

ಬಿಜಿಎಂಐ ಆಡುವವರಿಗೆ ಕಾಂಪೆನ್ಸೇಟರ್ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಯಾವುದೋ ಪಾಳುಮನೆಯ ಮೂಲೆಯಲ್ಲಿ ಬಿದ್ದಿರುತ್ತೆ. ಎತ್ತಿಕೊಂಡು ಬಂದೂಕಿನ ತುದಿಗೆ ಸಿಕ್ಕಿಸಿದರೆ ಆಯಿತು, ಅಲ್ಲಿವರೆಗೂ ಕುಣಿಯುತ್ತಿದ್ದ ಬಂದೂಕು ಪಳಗಿದ ಎತ್ತಿನ ಹಾಗೆ ನಿಲ್ಲುತ್ತೆ. ಅದರ ಬದಲು ಫ್ಲ್ಯಾಶ್ ಹೈಡರ್ ಸಿಕ್ಕಿತಾ, ನಳಿಗೆಯ ಬಾಯಲ್ಲಿ ಏಳುವ ಬೆಂಕಿ ಮಾಯ. ಯಾರ ಕಿವಿಯೂ ಗುಂಯ್‌ಗುಡುವುದಿಲ್ಲ, ಯಾರ ಹೆಗಲೂ ಕಂದುವುದಿಲ್ಲ, ಬ್ಯಾಗಿನ ತೂಕ ಬೆನ್ನಿಗೆ ಗೊತ್ತಾಗುವುದಿಲ್ಲ. ಆಟ ಅಂದಮೇಲೆ ಹಾಗೇ ಇರಬೇಕು. ಅದರ ಮೇಲೆ ನನಗೇನೂ ಸಿಟ್ಟಿಲ್ಲ.

ಸಿಟ್ಟು ಇರುವುದು ಈ ಆಟದ ಬುದ್ಧಿ ಟಿವಿ ಸ್ಟುಡಿಯೋದಲ್ಲಿ ಟೈ ಕಟ್ಟಿಕೊಂಡು ಕೂತಿರುವುದರ ಮೇಲೆ. ಸೇನೆಗೆ ಹೊಸ ರೈಫಲ್ ಕೊಳ್ಳುವ ಸುದ್ದಿ ಬಂದಾಗಲೆಲ್ಲ ಅದೇ ಮಾತು: 5.56 ಗುಂಡು ಬರೀ ಗಾಯ ಮಾಡುತ್ತೆ, 7.62 ಆದರೆ ಮಲಗಿಸಿಬಿಡುತ್ತೆ, ನಮ್ಮ ಜವಾನರಿಗೆ ಗಂಡೆದೆಯ ಬಂದೂಕು ಕೊಡಿ. ದೊಡ್ಡ ಗುಂಡು ಅಂದರೆ ಒದೆತವೂ ದೊಡ್ಡದಲ್ಲವಾ ಅಂತ ಯಾರಾದರೂ ಮೆಲ್ಲಗೆ ಕೇಳಿದರೆ, ಅಯ್ಯೋ, ಈಗ ಟೆಕ್ನಾಲಜಿ ಎಲ್ಲಿಗೋ ಹೋಗಿದೆ ಸಾರ್, ತುದಿಗೊಂದು ಮಜಲ್ ಬ್ರೇಕ್ ಹಾಕಿದರೆ ಮುಗೀತು ಅನ್ನುವ ಉತ್ತರ. ಸಂಜೆಯೊಳಗೆ ಅದು ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್ ಆಗಿ ಬಂದಿರುತ್ತೆ.

ಮುಗಿಯುವುದಿಲ್ಲ ಸ್ವಾಮಿ. ಒದೆತ ಎಲ್ಲಿಗೂ ಹೋಗುವುದಿಲ್ಲ. ಅದು ವರ್ಗಾವಣೆ ಆಗುತ್ತೆ ಅಷ್ಟೆ. ಹೆಗಲಿನಿಂದ ಪಕ್ಕದವನ ಕಿವಿಗೆ, ಕಿವಿಯಿಂದ ಬೆನ್ನಿನ ಮೇಲಿನ ತೂಕಕ್ಕೆ, ತೂಕದಿಂದ ಜೇಬಿನಲ್ಲಿರುವ ಗುಂಡುಗಳ ಲೆಕ್ಕಕ್ಕೆ. ಈ ವರ್ಗಾವಣೆ ಆದೇಶಕ್ಕೆ ಸಹಿ ಹಾಕಿದವನ ಮೈಗೆ ಮಾತ್ರ ಅದು ಯಾವತ್ತೂ ಬರುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಪಿಯುಸಿ ಫಿಸಿಕ್ಸ್ ಸಾಕು. 7.62 ಅಂದರೆ ನಳಿಗೆಯ ಒಳ ಅಡ್ಡಗಲ, ಮಿಲಿಮೀಟರಿನಲ್ಲಿ. ನೇಟೋ ದೇಶಗಳ 7.62 ಗುಂಡು ಸುಮಾರು ಒಂಬತ್ತೂವರೆ ಗ್ರಾಂ ತೂಗುತ್ತೆ, ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತೆ. ಗುಂಡಿಗೆ ಮುಂದಕ್ಕೆ ಸಿಕ್ಕ ನೂಕು ಬಂದೂಕಿಗೆ ಹಿಂದಕ್ಕೆ ಸಿಗಲೇಬೇಕು, ನ್ಯೂಟನ್ ಇದರಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಬಹಳ ಜನ ಮರೆಯುವುದು ಇನ್ನೊಂದು ಖಾತೆಯನ್ನು. ಗುಂಡನ್ನು ತಳ್ಳಿದ ಮದ್ದು, ಸುಮಾರು ಮೂರು ಗ್ರಾಂ, ಉರಿದು ಅನಿಲವಾಗಿ ಗುಂಡಿನ ಹಿಂದೆಯೇ ಅದಕ್ಕಿಂತ ಹೆಚ್ಚು ವೇಗದಲ್ಲಿ ಹೊರಗೆ ನುಗ್ಗುತ್ತೆ. ಒಟ್ಟು ಒದೆತದಲ್ಲಿ ಸುಮಾರು ಮೂರನೇ ಒಂದು ಪಾಲು ಈ ಅನಿಲದ್ದು. ನಳಿಗೆಯ ತುದಿಗೆ ಏನೇ ಸಿಕ್ಕಿಸಿದರೂ ಅದರ ಆಟ ನಡೆಯುವುದು ಈ ಅನಿಲದ ಮೇಲೆ ಮಾತ್ರ. ಗುಂಡಿನ ಪಾಲನ್ನು ಯಾವ ಬ್ರೇಕೂ ಮುಟ್ಟುವ ಹಾಗಿಲ್ಲ, ಅದು ಆಗಲೇ ಹೊರಟುಹೋಗಿದೆ.

ಇದೇ ಲೆಕ್ಕವನ್ನು 5.56 ಗುಂಡಿಗೆ ಹಾಕಿ ನೋಡಿ. ಹಳೆಯ ಎಂ16ರ ಗುಂಡು ಮೂರೂವರೆ ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ ಒಂದು ಕಿಲೋಮೀಟರಿನ ಹತ್ತಿರ ಹತ್ತಿರ. ಬಂದೂಕಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿದರೆ ಹೆಗಲಿಗೆ ಬಂದು ಬಡಿಯುವ ಶಕ್ತಿ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತೆ. ನಡುವೆ ಇನ್ನೊಂದಿದೆ. ಎಕೆ-47ರದ್ದೂ 7.62ನೇ, ಆದರೆ ಅದರ ತೋಟಾ ಗಿಡ್ಡ, ಒಳಗಿನ ಮದ್ದು ನೇಟೋ 7.62ರ ಹೆಚ್ಚುಕಮ್ಮಿ ಅರ್ಧ. ಅಡ್ಡಗಲ ಒಂದೇ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ '7.62' ಅನ್ನುವ ತಜ್ಞರು ಟಿವಿಯಲ್ಲಿ ಕಂಡರೆ ದಯವಿಟ್ಟು ಚಾನೆಲ್ ಬದಲಾಯಿಸಿ. ಆಟೋ ಮತ್ತು ಲಾರಿ ಎರಡಕ್ಕೂ ಡೀಸೆಲ್ಲೇ ತಾನೆ ಅಂದ ಹಾಗಿದೆ ಅದು.

ಒಂದೇ ಗುಂಡು ಹೊಡೆಯುವುದಾದರೆ ಇದ್ಯಾವುದೂ ಅಷ್ಟು ದೊಡ್ಡ ವಿಷಯ ಅಲ್ಲ. ಕೊಡಗಿನಲ್ಲಿ ಕೋವಿ ಹಿಡಿದು ಬೆಳೆದವರನ್ನು ಕೇಳಿ, ಬಟ್ಟನ್ನು ಹೆಗಲ ಗುಳಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು ಅನ್ನುವುದನ್ನು ಮೊದಲ ದಿನವೇ ಕಲಿಸಿರುತ್ತಾರೆ. ಒದೆತ ಬರುವ ಹೊತ್ತಿಗೆ ಗುಂಡು ಹೋಗಿಯಾಗಿದೆ, ಸುಧಾರಿಸಿಕೊಂಡು ಇನ್ನೊಂದು ಹೊಡೆದರಾಯಿತು. ಆಟೋಮ್ಯಾಟಿಕ್‌ನಲ್ಲಿ ಆ ಸುಧಾರಿಸಿಕೊಳ್ಳುವ ಹೊತ್ತೇ ಇಲ್ಲ. ನಿಮಿಷಕ್ಕೆ 600 ಅಂದರೆ ಸೆಕೆಂಡಿಗೆ ಹತ್ತು. ಮೊದಲ ಒದೆತಕ್ಕೆ ಹಿಂದೆ ಹೋದ ಹೆಗಲು ಮುಂದೆ ಬರುವ ಮೊದಲೇ ಎರಡನೆಯದು, ಅದರ ಮೇಲೆ ಮೂರನೆಯದು. ಸಾಲದ್ದಕ್ಕೆ ಹಳೆಯ ಮಾದರಿಯ ಬಂದೂಕುಗಳಲ್ಲಿ ಬಟ್ಟು ನಳಿಗೆಗಿಂತ ಕೆಳಗೆ ಬಾಗಿರುತ್ತೆ. ಒದೆತ ಬರುವುದು ನಳಿಗೆಯ ಗೆರೆಯಲ್ಲಿ, ತಡೆಯುವ ಹೆಗಲು ಇರುವುದು ಅದಕ್ಕಿಂತ ಕೆಳಗೆ. ಹಾಗಾಗಿ ಬಂದೂಕು ಬರೀ ಹಿಂದಕ್ಕೆ ಬರುವುದಿಲ್ಲ, ಮೂತಿ ಎತ್ತುತ್ತೆ. ಮೊದಲ ಗುಂಡು ಗುರಿಗೆ, ಎರಡನೆಯದು ಗುರಿಯ ತಲೆಯ ಮೇಲೆ, ಮೂರನೆಯದು ಕಾಗೆಗೆ.

ತೋಳಲ್ಲಿ ತಾಕತ್ತಿದ್ದರೆ ಹಿಡಿದು ನಿಲ್ಲಿಸಬಹುದು ಅನ್ನುವುದು ಸಿನಿಮಾ ಕಲಿಸಿದ ಪಾಠ. ಕೆಜಿಎಫ್ ಚಾಪ್ಟರ್ 2ರಲ್ಲಿ 'ದೊಡ್ಡಮ್ಮ' ಗುಡುಗಿದ ಮೇಲೆ ಕೆಂಪಗೆ ಕಾದ ನಳಿಗೆಯಲ್ಲಿ ರಾಕಿ ಸಿಗರೇಟು ಹಚ್ಚಿಕೊಂಡಾಗ ಶಿಳ್ಳೆ ಹೊಡೆಯದವರು ಯಾರಿದ್ದಾರೆ? ಹೊಡೆಯಿರಿ, ಬೇಡ ಅನ್ನುವುದಿಲ್ಲ. ಸಿನಿಮಾದ ಬಂದೂಕಿನಲ್ಲಿ ಗುಂಡು ಇರುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಬ್ಲ್ಯಾಂಕ್ ಹಾಕಿ ಹೊಡೆಯುತ್ತಾರೆ, ಇಲ್ಲವೇ ಬೆಂಕಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಗುಂಡೇ ಇಲ್ಲ ಅಂದಮೇಲೆ ಒದೆತ ಎಲ್ಲಿಂದ ಬರಬೇಕು? ಬೆಂಕಿ ಮಾತ್ರ ಬೇಕಾದಷ್ಟು, ತೆರೆಯ ಮೇಲೆ ಚೆನ್ನಾಗಿ ಕಾಣಲಿ ಅಂತ. ಕ್ಯಾಮೆರಾಕ್ಕೆ ಬೇಕಾದದ್ದು ಬೆಂಕಿ ಜಾಸ್ತಿ, ಒದೆತ ಕಡಿಮೆ. ರಾತ್ರಿ ಗಸ್ತಿನಲ್ಲಿರುವ ಸಿಪಾಯಿಗೆ ಎರಡೂ ಕಡಿಮೆ ಇರಬೇಕು, ಮತ್ತು ಅವನ ಬಂದೂಕಿನಲ್ಲಿ ನಿಜವಾದ ಗುಂಡೇ ಇರುತ್ತೆ.

ದೊಡ್ಡ ಗುಂಡು, ಹಗುರ ಬಂದೂಕು, ಆಟೋಮ್ಯಾಟಿಕ್ ಹೊಡೆತ: ಮೂರೂ ಒಟ್ಟಿಗೆ ಸಿಗುವುದಿಲ್ಲ ಅಂತ ಜಗತ್ತಿಗೆ ಗೊತ್ತಾಗಿ ಎಪ್ಪತ್ತು ವರ್ಷದ ಮೇಲಾಯಿತು. ಜರ್ಮನರು ಎರಡನೇ ಮಹಾಯುದ್ಧದಲ್ಲೇ ತೋಟಾವನ್ನು ಗಿಡ್ಡ ಮಾಡಿ ಎಸ್‌ಟಿಜಿ 44 ತಂದರು. ಸೋವಿಯತ್ತರು 1943ರಲ್ಲಿ ತಮ್ಮ ಗಿಡ್ಡ ತೋಟಾ ರೂಪಿಸಿ, ಅದರ ಸುತ್ತ ಎಕೆ ಕಟ್ಟಿದರು. ಬ್ರಿಟಿಷರು .280 ಅನ್ನುವ ಮಧ್ಯಮ ಗಾತ್ರದ ತೋಟಾ ಮಾಡಿ, ಅದಕ್ಕೆ ಇಎಂ-2 ಅನ್ನುವ ರೈಫಲ್ ಮಾಡಿ, 1951ರಲ್ಲಿ ಅಂಗೀಕರಿಸಿಯೂ ಆಗಿತ್ತು. ಅಮೆರಿಕದ ಶಸ್ತ್ರಾಸ್ತ್ರ ಇಲಾಖೆ ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ತಮ್ಮ ಹಳೆಯ .30-06 ತೋಟಾದ ಶಕ್ತಿಯೇ, ಡಬ್ಬ ಮಾತ್ರ ಸ್ವಲ್ಪ ಗಿಡ್ಡ. ನೇಟೋ ಎಲ್ಲ ಒಂದೇ ತೋಟಾ ಬಳಸಬೇಕು ಅನ್ನುವ ಒತ್ತಡದಲ್ಲಿ, ಅದೇ ವರ್ಷ ಅಧಿಕಾರಕ್ಕೆ ಮರಳಿದ ಚರ್ಚಿಲ್ ಸರ್ಕಾರ ಇಎಂ-2ವನ್ನು ಕೈಬಿಟ್ಟಿತು.

ಆ ಹಟದಿಂದ ಹುಟ್ಟಿದ ಕೂಸು ಎಂ14. 1957ರಲ್ಲಿ ಅಂಗೀಕಾರ. ಗ್ಯಾರಂಡ್ ರೈಫಲ್, ಕಾರ್ಬೈನ್, ಸಬ್‌ಮೆಷಿನ್ ಗನ್, ಬಿಎಆರ್ ಅನ್ನುವ ಭಾರದ ಆಟೋಮ್ಯಾಟಿಕ್ ರೈಫಲ್, ಈ ನಾಲ್ಕೂ ಜಾಗಕ್ಕೆ ಒಂದೇ ಬಂದೂಕು ಸಾಕು ಅನ್ನುವುದು ಕನಸು. ಇದರಲ್ಲಿ ಬಿಎಆರ್ ತೂಕ ಎಂಟು ಕಿಲೋಗೂ ಮೇಲೆ. ಆ ತೂಕವೇ ಒದೆತವನ್ನು ಹೀರಿಕೊಳ್ಳುತ್ತಿತ್ತು. ಎಂ14 ಅದರ ಅರ್ಧ ತೂಕದಲ್ಲಿ, ಹೆಚ್ಚುಕಮ್ಮಿ ಅಷ್ಟೇ ಶಕ್ತಿಯ ತೋಟಾವನ್ನು, ನಿಮಿಷಕ್ಕೆ 700ರ ಮೇಲಿನ ವೇಗದಲ್ಲಿ ಹೊಡೆಯಬೇಕಿತ್ತು. ಆಗಿದ್ದೇನು ಅಂದರೆ, ಸೈನಿಕರ ಕೈಗೆ ಬಂದ ಬಹುಪಾಲು ಎಂ14ಗಳಲ್ಲಿ ಆಟೋಮ್ಯಾಟಿಕ್‌ಗೆ ತಿರುಗಿಸುವ ಕೀಲನ್ನೇ ಕೊಡಲಿಲ್ಲ, ಅದರ ಜಾಗಕ್ಕೆ ಒಂದು ಲಾಕ್ ಹಾಕಿ ಕೊಟ್ಟರು. ಕಾರು ಕೊಟ್ಟು ನಾಲ್ಕನೇ ಗೇರಿಗೆ ಬೀಗ ಹಾಕಿದ ಹಾಗೆ. ಹಿಡಿದು ನಿಲ್ಲಿಸಲಾಗದ ಬಂದೂಕಿಗೆ ಅವರಿಗೆ ಸಿಕ್ಕ ಅತ್ಯುತ್ತಮ 'ಒದೆತ ನಿಯಂತ್ರಕ' ಅದೇ.

ಸುಮ್ಮನಿರಲಿಲ್ಲ ಅನ್ನಿ. ಎಂ14ಕ್ಕೆ ನೇರ ಬಟ್ಟು, ಹಿಂದೊಂದು ಹಿಡಿ, ಮುಂದೊಂದು ಹಿಡಿ, ಎರಡು ಕಾಲಿನ ಊರೆ, ಮೂತಿಗೊಂದು ತೂತುಗಳ ಕೊಳವೆ, ಇಷ್ಟನ್ನೂ ಅಂಟಿಸಿ ಇನ್ನೊಂದು ಅವತಾರ ತಂದರು, ಎಂ14ಎ1 ಅಂತ. ತೇಪೆಯ ಮೇಲೆ ತೇಪೆ. ನಮ್ಮ ಕಡೆ ಆರ್ಕಿಟೆಕ್ಚರ್ ಮೀಟಿಂಗಿನಲ್ಲಿ ತಪ್ಪು ನಿರ್ಧಾರ ಆದಮೇಲೆ ರಾತ್ರಿ ಎರಡು ಗಂಟೆಗೆ ಸಪೋರ್ಟ್ ಟೀಮಿನ ಹುಡುಗಿ ಸ್ಕ್ರಿಪ್ಟ್ ಬರೆದು ಸರ್ವರ್ ನಿಲ್ಲಿಸಿಕೊಳ್ಳುತ್ತಾಳಲ್ಲ, ಥೇಟ್ ಅದೇ ಕತೆ. ಅವಳಿಗೆ ಕೊನೆಗೆ ಕಾಂಪ್-ಆಫ್ ಆದರೂ ಸಿಗುತ್ತೆ.

ಇದೆಲ್ಲ ಆಗಿ ಹತ್ತು ವರ್ಷ ಕಳೆಯುವುದರೊಳಗೆ ಇಡೀ ನೇಟೋ ಮೇಲೆ 7.62 ಹೇರಿದ ಅದೇ ಅಮೆರಿಕ ವಿಯೆಟ್ನಾಂನಲ್ಲಿ 5.56ಕ್ಕೆ ಜಿಗಿಯಿತು, ಎಂ16 ಬಂತು. 1980ರಲ್ಲಿ ನೇಟೋ ಕೂಡ 5.56 ಒಪ್ಪಿಕೊಂಡಿತು. ಬ್ರಿಟಿಷರು ಸಣ್ಣ ತೋಟಾ ಬೇಕು ಅಂದಾಗ ನಕ್ಕವರು ಅವರಿಗಿಂತಲೂ ಸಣ್ಣದಕ್ಕೆ ಹೋದರು. ಎಂ16ರ ವಿನ್ಯಾಸದಲ್ಲಿ ನನಗೆ ಇಷ್ಟವಾಗುವುದು ತುದಿಯ ಸಾಮಾನಲ್ಲ, ಮೂಲದ ಯೋಚನೆ. ಯೂಜೀನ್ ಸ್ಟೋನರ್ ಬಟ್ಟನ್ನು ನಳಿಗೆಯ ಗೆರೆಗೇ ತಂದ. ಒದೆತ ನೇರ ಹೆಗಲಿಗೆ ಬರುತ್ತೆ, ಮೂತಿ ಎತ್ತುವುದು ಕಡಿಮೆ. ಇದಕ್ಕೂ ಬೆಲೆ ಇದೆ, ಗುರಿ ನೋಡುವ ಸೈಟನ್ನು ನಳಿಗೆಯಿಂದ ಮೇಲಕ್ಕೆ ಎತ್ತಬೇಕಾಯಿತು, ಅಂದರೆ ಮಲಗಿದವನು ತಲೆಯನ್ನು ಮಣ್ಣಿನ ದಿಬ್ಬದಿಂದ ಒಂದಿಷ್ಟು ಹೆಚ್ಚು ಮೇಲೆತ್ತಬೇಕು. ಅಲ್ಲೂ ಬಿಟ್ಟಿ ಇಲ್ಲ.

ಅದೇ ಎಂ16ರ ಮೇಲೂ ಕಚೇರಿಯ ಕೈ ಬಿತ್ತು. ತೋಟಾದೊಳಗಿನ ಮದ್ದನ್ನು ಬೇರೆ ಜಾತಿಗೆ ಬದಲಾಯಿಸಿದರು. ಹೊಡೆತದ ವೇಗ ಏರಿತು, ಒಳಗೆ ಮಸಿ ಹೆಚ್ಚಿತು. ನಳಿಗೆಯ ಹಿಂಭಾಗದ ಗೂಡಿಗೆ ಕ್ರೋಮ್ ಲೇಪ ಇರಲಿಲ್ಲ, ಸ್ವಚ್ಛಗೊಳಿಸುವ ಕಿಟ್ಟು ಸಾಕಷ್ಟು ಹಂಚಿರಲಿಲ್ಲ. ಗುಂಡಿನ ಕಾಳಗದ ನಡುವೆ ಬಂದೂಕು ಸಿಕ್ಕಿಹಾಕಿಕೊಂಡು ಸತ್ತ ಹುಡುಗರ ಕತೆಗಳು ಊರಿಗೆ ಪತ್ರಗಳಲ್ಲಿ ಹೋದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ ಸೇನೆಯ ಆಡಳಿತವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಬಂದೂಕು ಅನ್ನುವುದು ಒಂದು ವ್ಯವಸ್ಥೆ, ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಹರಿಯುತ್ತೆ. ಈ ಮಾತನ್ನು ಸತ್ತವರ ಲೆಕ್ಕದ ಮೇಲೆ ಕಲಿಯಬೇಕಾಯಿತು.

ಈಗ ತುದಿಗೆ ಬರೋಣ, ಎಲ್ಲರಿಗೂ ಪ್ರೀತಿಯಾದ ಆ ಅಟ್ಯಾಚ್‌ಮೆಂಟಿಗೆ. ಇಲ್ಲಿ ಜನ ಎರಡು ಬೇರೆ ಕೆಲಸಗಳನ್ನು ಕಲಸುಮೇಲೋಗರ ಮಾಡುತ್ತಾರೆ. ಬ್ರೇಕು, ಕಾಂಪೆನ್ಸೇಟರು ಇರುವುದು ಅನಿಲದ ದಿಕ್ಕು ಬದಲಿಸಲು. ಹಿಂದಕ್ಕೋ ಪಕ್ಕಕ್ಕೋ ತಿರುಗಿಸಿದರೆ ಬಂದೂಕನ್ನು ಮುಂದಕ್ಕೆ ಎಳೆಯುತ್ತೆ, ಮೇಲಕ್ಕೆ ಬಿಟ್ಟರೆ ಮೂತಿಯನ್ನು ಕೆಳಕ್ಕೆ ಒತ್ತುತ್ತೆ. ಸೋವಿಯತ್ತರ ಎಕೆಎಂ ಮೂತಿಯಲ್ಲಿರುವ ಆ ಓರೆ ಕತ್ತರಿಸಿದ ಬಿದಿರಿನಂಥ ತುಂಡು ನೋಡಿದ್ದೀರಲ್ಲ, ಅದು ಅಂದಕ್ಕಲ್ಲ. ಬಲಗೈಯವನು ಹೊಡೆದರೆ ಎಕೆ ಮೇಲಕ್ಕೂ ಬಲಕ್ಕೂ ಎಳೆಯುತ್ತೆ, ಆ ಓರೆ ಅನಿಲವನ್ನು ಅದೇ ದಿಕ್ಕಿಗೆ ಬಿಟ್ಟು ಮೂತಿಯನ್ನು ಕೆಳಕ್ಕೆ, ಎಡಕ್ಕೆ ತಳ್ಳುತ್ತೆ. ಎಷ್ಟು ಸರಳ, ಎಷ್ಟು ಅಗ್ಗ! ಎಡಗೈಯವನಿಗೆ ಮಾತ್ರ ಅದು ಉಲ್ಟಾ ಬಡಿಯಬಹುದು, ಅವನನ್ನು ಯಾರೂ ಕೇಳಿರಲಿಲ್ಲ.

1974ರ ಎಕೆ-74 ಇನ್ನೂ ಮುಂದೆ ಹೋಯಿತು. ಸಣ್ಣ 5.45 ಗುಂಡು, ಜೊತೆಗೆ ಮೂತಿಗೆ ಹೆಬ್ಬೆರಳಿಗಿಂತ ದಪ್ಪನೆಯ ಬ್ರೇಕು. ಹೆಗಲಿಗೆ ಮುದ್ದು ಮಾಡಿದ ಹಾಗಿರುತ್ತೆ ಅಂತ ಹೊಡೆದವರೆಲ್ಲ ಹೊಗಳುತ್ತಾರೆ. ಪಕ್ಕದಲ್ಲಿ ಮಲಗಿದ್ದವನನ್ನು ಕೇಳಿದರೆ ಬೇರೆ ಕತೆ. ಮುಂದಕ್ಕೆ ಹೋಗಬೇಕಿದ್ದ ಸ್ಫೋಟ ಈಗ ಅವನ ಕಡೆಗೆ ಬರುತ್ತಿದೆ. ಇದು ಹೊಸ ವಿಷಯವೂ ಅಲ್ಲ, ಯುದ್ಧಕಾಲದ ಜರ್ಮನಿಯ ಎಫ್‌ಜಿ 42ರ ಬ್ರೇಕು ಒದೆತವನ್ನು ಎಷ್ಟು ಚೆನ್ನಾಗಿ ತಗ್ಗಿಸಿತೋ ಅಷ್ಟೇ ಜೋರಾಗಿ ಪಕ್ಕದವರ ಮೇಲೆ ಅಬ್ಬರಿಸಿತು.

ಅಬ್ಬರ ಅಂದರೆ ಎಷ್ಟು? ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸಕ್ಕೆ 85 ಡೆಸಿಬೆಲ್ ದಾಟಿದರೆ ಕಿವಿಗೆ ರಕ್ಷಣೆ ಬೇಕು ಅನ್ನುತ್ತಾರೆ. ಒಂದೇ ಒಂದು ಕ್ಷಣದ ಸದ್ದಾದರೂ 140 ದಾಟಿದರೆ ಕಿವಿಗೆ ಕಾಯಂ ಪೆಟ್ಟು ಬೀಳಬಹುದು. ರೈಫಲ್ ಸದ್ದು ಬ್ರೇಕ್ ಇಲ್ಲದೆಯೇ 150ರಿಂದ 165ರ ಆಸುಪಾಸು. ಬ್ರೇಕು ಅದಕ್ಕೆ ಇನ್ನೊಂದಿಷ್ಟು ಸೇರಿಸುತ್ತೆ, ಸೇರಿಸುವುದು ಹೊಡೆಯುವವನ ಮತ್ತು ಅಕ್ಕಪಕ್ಕದವರ ಪಾಲಿಗೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಪರಿಹಾರ ಕೊಡುವ ಸೇವಾಸಂಬಂಧಿ ತೊಂದರೆಗಳಲ್ಲಿ ಮೊದಲ ಸ್ಥಾನ ಕೈಕಾಲು ಕಳೆದುಕೊಂಡದ್ದಕ್ಕಲ್ಲ, ಕಿವಿಯೊಳಗಿನ ಗುಂಯ್‌ಗುಡುವಿಕೆಗೆ. ರಾತ್ರಿ ಮನೆಯೆಲ್ಲ ನಿಶ್ಶಬ್ದ ಆದಾಗ ಶುರುವಾಗಿ ಬೆಳಗಿನವರೆಗೂ ನಿಲ್ಲದ ಸದ್ದು ಅದು. ಇಪ್ಪತ್ತೈದರ ವಯಸ್ಸಿನಲ್ಲಿ ಬಂದದ್ದು ಎಪ್ಪತ್ತೈದಕ್ಕೂ ಜೊತೆಗಿರುತ್ತೆ. ಎಲ್ಲ ಬ್ರೇಕಿನಿಂದಲೇ ಬಂತು ಅನ್ನುತ್ತಿಲ್ಲ, ಫಿರಂಗಿ, ಹೆಲಿಕಾಪ್ಟರು, ಬಾಂಬು ಎಲ್ಲ ಸೇರಿಕೊಂಡಿವೆ. ಹೆಗಲಿನ ಲೆಕ್ಕ ಬರೆದುಕೊಂಡ ಹಾಗೆ ಕಿವಿಯ ಲೆಕ್ಕವನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ದೂರು.

ಬೆಂಕಿಯದ್ದು ಇನ್ನೊಂದೇ ರಾಮಾಯಣ. ನಳಿಗೆಯಿಂದ ಹೊರಬರುವ ಅನಿಲ ಪೂರ್ತಿ ಉರಿದಿರುವುದಿಲ್ಲ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಉಳಿದಿರುತ್ತೆ. ಹೊರಗಿನ ಗಾಳಿಯ ಆಮ್ಲಜನಕ ಸೇರಿದ ಕೂಡಲೇ, ಆಘಾತದ ಅಲೆಯ ಬಿಸಿಗೆ ಮತ್ತೆ ಭಗ್ಗನೆ ಹೊತ್ತಿಕೊಳ್ಳುತ್ತೆ. ಫ್ಲ್ಯಾಶ್ ಹೈಡರ್ ಬೆಂಕಿಯನ್ನು ಮುಚ್ಚಿಡುವ ಡಬ್ಬಿ ಅಲ್ಲ. ಅನಿಲವನ್ನು ಸೀಳಿ ಚದುರಿಸಿ ಆ ಎರಡನೇ ಬೆಂಕಿ ಹೊತ್ತದ ಹಾಗೆ ನೋಡಿಕೊಳ್ಳುವ ಸಾಮಾನು. ಮೊದಲ ಲಾಭ ಹೊಡೆಯುವವನಿಗೇ, ಕತ್ತಲಿಗೆ ಹೊಂದಿಕೊಂಡ ಅವನ ಕಣ್ಣು ಮಂಜಾಗುವುದಿಲ್ಲ. ಶತ್ರುವಿನಿಂದ ಪೂರ್ತಿ ಅಡಗಿಸುತ್ತೆ ಅನ್ನುವುದು ಅರ್ಧ ಸತ್ಯ. ಒದೆತಕ್ಕೂ ಇದಕ್ಕೂ ಸಂಬಂಧ ಬಹಳ ಕಡಿಮೆ, ಎಷ್ಟೋ ಸಲ ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು. ಮದ್ದಿಗೇ ಪೊಟ್ಯಾಸಿಯಂ ಲವಣ ಬೆರೆಸಿ ಬೆಂಕಿ ತಗ್ಗಿಸುವುದೂ ಉಂಟು, ಆಗ ಹೊಗೆ ಜಾಸ್ತಿ. ರಾತ್ರಿ ಉಳಿಸಿದ್ದನ್ನು ಹಗಲು ಕಕ್ಕಬೇಕು.

ಎಂ16ರ ಮೊದಲ ಫ್ಲ್ಯಾಶ್ ಹೈಡರಿಗೆ ಮೂರು ಕವಲಿತ್ತು, ತುದಿ ಬಿಚ್ಚಿದ ಕವೆಗೋಲಿನ ಹಾಗೆ. ಬೆಂಕಿ ತಗ್ಗಿಸುವುದರಲ್ಲಿ ಚೆನ್ನಾಗಿಯೇ ಇತ್ತು. ವಿಯೆಟ್ನಾಂ ಕಾಡಿಗೆ ಹೋದಮೇಲೆ ಬಳ್ಳಿ, ಕಡ್ಡಿ ಎಲ್ಲ ಅದರ ಕವಲಿಗೆ ಸಿಕ್ಕಿಕೊಳ್ಳತೊಡಗಿತು. ಕವಲಿನ ತುದಿ ಮುಚ್ಚಿದ ಪಂಜರ ಬಂತು. ಆಮೇಲೆ ಎಂ16ಎ2ರಲ್ಲಿ ಪಂಜರದ ಕೆಳಭಾಗದ ಸೀಳನ್ನೂ ಮುಚ್ಚಿದರು, ಮಲಗಿ ಹೊಡೆದಾಗ ಧೂಳು ಏಳದಿರಲಿ, ಮೂತಿಯೂ ಸ್ವಲ್ಪ ಕೆಳಗಿರಲಿ ಅಂತ. ಇಂಥ ಸಣ್ಣ, ಪ್ರಾಮಾಣಿಕ ತಿದ್ದುಪಡಿಗಳ ಬಗ್ಗೆ ನನಗೆ ಗೌರವವಿದೆ. ನಗು ಬರುವುದು ಅದೇ ಕಾಲದ ಗಿಡ್ಡ ಕಾರ್ಬೈನಿನ ಕತೆಗೆ. ಕಾಡಿನಲ್ಲಿ ಅನುಕೂಲ ಅಂತ ನಳಿಗೆಯನ್ನು 10 ಇಂಚಿಗೆ ಕತ್ತರಿಸಿದರು. ಮದ್ದು ಉರಿಯಲು ಜಾಗ ಸಾಲದೆ ಬೆಂಕಿ, ಸದ್ದು ಎರಡೂ ಸಹಿಸಲಾಗದಷ್ಟು ಆಯಿತು. ಅದನ್ನು ತಗ್ಗಿಸಲು ತುದಿಗೆ 4 ಇಂಚಿಗೂ ಮಿಕ್ಕಿದ ಕೊಳವೆ ಸೇರಿಸಿದರು. ಕತ್ತರಿಸಿದ ಉದ್ದದಲ್ಲಿ ಒಂದು ಪಾಲು ವಾಪಸ್ ಬಂತು.

ಬುದ್ಧಿವಂತರು ಇನ್ನೂ ದೂರ ಹೋದದ್ದುಂಟು. ಒದೆತವನ್ನು ತಡೆಯುವುದು ಕಷ್ಟ, ಅದು ಹೆಗಲಿಗೆ ಮುಟ್ಟುವ ಮೊದಲೇ ಗುಂಡುಗಳನ್ನು ಕಳಿಸಿಬಿಟ್ಟರೆ? ಪಶ್ಚಿಮ ಜರ್ಮನಿಯ ಜಿ11 ನಿಮಿಷಕ್ಕೆ 2000ದ ವೇಗದಲ್ಲಿ ಮೂರು ಗುಂಡು ಹೊಡೆದು, ಆಮೇಲೆ ಮೂರರ ಒದೆತವನ್ನೂ ಒಟ್ಟಿಗೆ ಕೊಡುತ್ತಿತ್ತು. ರಷ್ಯದ ಎಎನ್-94 ಎರಡು ಗುಂಡನ್ನು ನಿಮಿಷಕ್ಕೆ 1800ರ ವೇಗದಲ್ಲಿ, ಒಳಗೆ ರಾಟೆ, ತಂತಿ ಎಲ್ಲ ಇಟ್ಟುಕೊಂಡು. ಎರಡೂ ಅದ್ಭುತ. ಜಿ11 ಗೋಡೆ ಬಿದ್ದು ಜರ್ಮನಿ ಒಂದಾಗುವ ಹೊತ್ತಿಗೆ ಮೂಲೆಗೆ ಸೇರಿತು, ಎಎನ್-94 ಎಕೆ-74ರ ಜಾಗ ಹಿಡಿಯಲೇ ಇಲ್ಲ. ಅಷ್ಟು ದುಬಾರಿ, ಅಷ್ಟು ಜಟಿಲ ಯಂತ್ರವನ್ನು ಪ್ರತಿ ಸಿಪಾಯಿಯ ಕೈಗೂ ಕೊಡಲಾಗುವುದಿಲ್ಲ. ಒದೆತ ಇಲ್ಲಿ ಖಜಾನೆಗೆ ವರ್ಗವಾಗಿತ್ತು.

ನಮ್ಮ ದೇಶದ ಕತೆ ಇದಕ್ಕಿಂತ ಬೇರೆಯಲ್ಲ. 1962ರ ಯುದ್ಧಕ್ಕೆ ನಮ್ಮವರು ಹೋದದ್ದು ಒಂದೊಂದೇ ಗುಂಡು ಏರಿಸಿ ಹೊಡೆಯುವ .303 ಹಿಡಿದು. ಆಮೇಲೆ ಇಶಾಪುರದಲ್ಲಿ ತಯಾರಾದ 7.62 ಎಸ್‌ಎಲ್‌ಆರ್ ಬಂತು, ಕುದುರೆ ಎಳೆದಷ್ಟು ಸಲ ಒಂದೊಂದೇ ಗುಂಡು. ಆ ತೋಟಾಕ್ಕೆ ಅದೇ ಸರಿಯಾದ ಮರ್ಯಾದೆ. 1990ರ ದಶಕದಲ್ಲಿ 5.56ರ ಇನ್ಸಾಸ್ ಬಂತು, ಒಂದೊಂದು ಇಲ್ಲವೇ ಮೂರು ಮೂರು ಗುಂಡು. ಕಾರ್ಗಿಲ್‌ನ ಚಳಿಯಲ್ಲಿ ಅದರ ಮ್ಯಾಗಜೀನ್ ಬಿರುಕು ಬಿಟ್ಟ ದೂರುಗಳು ಎಲ್ಲರಿಗೂ ಗೊತ್ತು. ಮ್ಯಾಗಜೀನಿನ ಪ್ಲಾಸ್ಟಿಕ್ಕು ಕೆಟ್ಟದಾಗಿದ್ದಕ್ಕೆ ಗುಂಡಿನ ಗಾತ್ರಕ್ಕೆ ಶಿಕ್ಷೆ ಕೊಟ್ಟೆವು! ಇನ್ಸಾಸ್ ಸರಿಯಿಲ್ಲ, ಇನ್ಸಾಸ್ 5.56, ಆದ್ದರಿಂದ 5.56 ಸರಿಯಿಲ್ಲ. ಈ ತರ್ಕವನ್ನು ನಾನು ನಿವೃತ್ತ ಅಧಿಕಾರಿಗಳ ಬಾಯಲ್ಲೂ ಕೇಳಿದ್ದೇನೆ.

2011ರಲ್ಲಿ ಸೇನೆ ನಳಿಗೆ ಬದಲಿಸಿ ಎರಡೂ ಗಾತ್ರದ ಗುಂಡು ಹೊಡೆಯಬಲ್ಲ 66,000 ರೈಫಲ್‌ಗಳಿಗೆ ಟೆಂಡರ್ ಕರೆಯಿತು. ಯಾವುದು ಬೇಕು ಅಂತ ತೀರ್ಮಾನ ಆಗದಿದ್ದರೆ ಎರಡೂ ಬೇಕು ಅನ್ನುವುದು ನಮ್ಮಲ್ಲಿ ಹಳೆಯ ರೂಢಿ, ಮದುವೆ ಊಟದ ಮೆನುವಿನಿಂದ ಹಿಡಿದು. 2015ರಲ್ಲಿ ಟೆಂಡರ್ ರದ್ದಾಯಿತು. 2019ರಲ್ಲಿ 72,400 ಸಿಗ್716 ರೈಫಲ್‌ಗೆ ಒಪ್ಪಂದವಾಯಿತು, ದೊಡ್ಡ ನೇಟೋ 7.62. 2021ರ ಡಿಸೆಂಬರಿನಲ್ಲಿ ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಆರು ಲಕ್ಷಕ್ಕೂ ಹೆಚ್ಚು ಎಕೆ-203ಕ್ಕೆ, ಗಿಡ್ಡ 7.62.

ಇದರಲ್ಲಿ ತಪ್ಪೇನು? ಹಾಗೆ ನೋಡಿದರೆ ಪೂರ್ತಿ ತಪ್ಪಿಲ್ಲ. ನಿಯಂತ್ರಣ ರೇಖೆಯಲ್ಲಿ, ಕಣಿವೆಯ ಈ ಕಡೆಯಿಂದ ಆ ಕಡೆಗೆ ಐನೂರು ಮೀಟರ್ ದೂರಕ್ಕೆ ನೋಡಿ ನೋಡಿ ಒಂದೊಂದೇ ಗುಂಡು ಹೊಡೆಯುವವನಿಗೆ ದೊಡ್ಡ ತೋಟಾ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತಿರದ ಕಾಳಗಕ್ಕೆ ಎಕೆ. ಹೀಗೆ ಕೆಲಸ ನೋಡಿ ಬಂದೂಕು ಹಂಚಿದರೆ ಅದು ವಿವೇಕ. ನನ್ನ ಜಗಳ ಇರುವುದು ಒಂದೇ ಬಂದೂಕು ಐನೂರು ಮೀಟರಿಗೂ ಬೇಕು, ಬಾಗಿಲೊದ್ದು ನುಗ್ಗಿ ಹೊಡೆಯಲೂ ಬೇಕು, ಒದೆತವನ್ನು ತುದಿಯಲ್ಲಿ ನೋಡಿಕೊಳ್ಳೋಣ ಅನ್ನುವವರ ಜೊತೆ. 'ಮಲಗಿಸಿಬಿಡುತ್ತೆ' ಅನ್ನುವವರು ಲೆಕ್ಕ ಹಾಕುವುದು ತಗಲಿದ ಗುಂಡನ್ನು ಮಾತ್ರ. ತಗಲದೇ ಹೋದ ಎರಡನೆಯ, ಮೂರನೆಯ ಗುಂಡಿಗೆ ಎಷ್ಟು ಶಕ್ತಿ ಇದ್ದರೇನು? ದೊಡ್ಡ ತೋಟಾ ಒಂದಕ್ಕೆ ಸಣ್ಣದರ ಎರಡರಷ್ಟು ತೂಕ. ಬೆಟ್ಟ ಹತ್ತುವವನ ಬೆನ್ನಿಗೆ ಅಷ್ಟೇ ಭಾರ ಇಟ್ಟರೆ ಅವನ ಹತ್ತಿರ ಇರುವ ಗುಂಡು ಅರ್ಧ.

ಅಮೆರಿಕ ಕಲಿತಿದೆ ಅಂದುಕೊಂಡಿದ್ದೆ. ಅವರೂ 2022ರಲ್ಲಿ ಕವಚ ತೂರುವ ನೆಪದಲ್ಲಿ ಮತ್ತೆ ದೊಡ್ಡ, ಇನ್ನೂ ಹೆಚ್ಚು ಒತ್ತಡದ 6.8 ತೋಟಾಕ್ಕೆ ಹೋದರು. ಹೊಸ ರೈಫಲ್ ಖಾಲಿ ಇದ್ದಾಗಲೇ ಸುಮಾರು 3.8 ಕಿಲೋ. ಜೊತೆಗೆ ಪ್ರತಿಯೊಂದಕ್ಕೂ ಸಪ್ರೆಸರ್, ಅಂದರೆ ಸದ್ದು, ಬೆಂಕಿ, ಒದೆತ ಮೂರನ್ನೂ ತಗ್ಗಿಸುವ ಕೊಳವೆ, ಅದು ಸೇರಿದರೆ ನಾಲ್ಕೂವರೆ ಕಿಲೋ. ಮ್ಯಾಗಜೀನಿನಲ್ಲಿ ಮೂವತ್ತರ ಜಾಗಕ್ಕೆ ಇಪ್ಪತ್ತೇ ಗುಂಡು. ಒಂದು ವಿಷಯಕ್ಕೆ ಮಾತ್ರ ಅವರನ್ನು ಮೆಚ್ಚುತ್ತೇನೆ, ಈ ಸಲ ಕಿವಿಯ ಲೆಕ್ಕವನ್ನು ಮೊದಲೇ ಬರೆದುಕೊಂಡಿದ್ದಾರೆ. ಸಪ್ರೆಸರ್ ಬಿಟ್ಟಿ ಅಲ್ಲ, ಕಾದು ಕೆಂಡವಾಗುತ್ತೆ, ಅನಿಲವನ್ನು ಹಿಂದಕ್ಕೆ ತಳ್ಳಿ ಹೊಡೆಯುವವನ ಮುಖಕ್ಕೇ ಉಗುಳುತ್ತೆ. ಆದರೂ ಪಕ್ಕದವನ ಕಿವಿಗೆ ದಾಟಿಸುವುದಕ್ಕಿಂತ ತನ್ನ ಕೈಗೆ ಭಾರ ತೆಗೆದುಕೊಳ್ಳುವುದು ವಾಸಿ.

ಮುಂದಿನ ಸಲ ರೈಫಲ್ ಖರೀದಿಯ ಚರ್ಚೆಯಲ್ಲಿ ಯಾರಾದರೂ ಗುಂಡಿನ ಶಕ್ತಿಯ ಬಗ್ಗೆ ಗಂಟಲು ಹರಿದುಕೊಂಡರೆ ಇಷ್ಟು ಕೇಳಿ. ಆಟೋಮ್ಯಾಟಿಕ್‌ನಲ್ಲಿ ಮೂರನೇ ಗುಂಡು ಎಲ್ಲಿ ಬಿತ್ತು ಅಂತ ಅಳೆದಿದ್ದೀರಾ? ಒಂದು ಕಿಲೋ ತೂಕಕ್ಕೆ ಎಷ್ಟು ತೋಟಾ ಬರುತ್ತೆ? ಪರೀಕ್ಷೆ ನಡೆದಾಗ ಸದ್ದು ಅಳೆಯುವ ಮೈಕನ್ನು ಹೊಡೆಯುವವನ ಕಿವಿಯ ಹತ್ತಿರ ಇಟ್ಟಿದ್ದಿರಾ, ಅವನ ಎಡಕ್ಕೆ ಒಂದು ಮೀಟರ್ ದೂರದಲ್ಲಿ ಮಲಗಿದ್ದವನ ಹತ್ತಿರವೂ ಇಟ್ಟಿದ್ದಿರಾ? ಅವನಿಗೆ ಕಿವಿಗೆ ಹಾಕಿಕೊಳ್ಳಲು ಏನು ಕೊಟ್ಟಿದ್ದಿರಿ, ಹತ್ತಿಯಾ?